ಅನಾಥ ನಾಯಿಯೂ ಗೃಹಧರ್ಮವೂ

ಹಳೆಯ ವಿದ್ಯಾರ್ಥಿನಿಯರೂ ಮಕ್ಕಳ ತಾಯ್ತಂದೆಗಳೂ ಓದುವ ಈ ಸ್ಮರಣ ಸಂಚಿಕೆಯಲ್ಲಿ ನಾಯಿಯ ವಿಚಾರಕ್ಕೆ ಸ್ಥಳವೆಲ್ಲಿಯದು ಎಂದು ಕೆಲವರು ಕೇಳಬಹುದು. ಗೃಹಕೃತ್ಯ, ಆರೋಗ್ಯ, ಮಕ್ಕಳ ಶಿಕ್ಷಣ ಈ ಮೂರಕ್ಕೂ ಸಂಬಂಧಪಟ್ಟ ವಿಷಯವು ಇದಾಗಿರುವದರಿಂದ ಅದಕ್ಕೆ ಇಲ್ಲಿ ಸ್ಥಳವುಂಟೆಂದು ನಾನು ಭಾವಿಸುತ್ತೇನೆ. ಈಚೆಗೆ ನಮ್ಮ ಪಟ್ಟಣಗಳ ಅನೇಕ ಕುಟುಂಬಗಳು ಹಣಕೊಟ್ಟು ವಿಲಾಯತಿ ಜಾತಿಯ ಮರಿಗಳನ್ನು ಕೊಳ್ಳುವದನ್ನು ಬಿಟ್ಟು, ಬೀದಿಯಲ್ಲಿ ಗಾಯಗೊಂಡೋ ಒಡೆಯರಿಂದ ತ್ಯಜಿಸಲ್ಪಟ್ಟೋ ಆಶ್ರಯಾಲಯವನ್ನು ಸೇರಿದ ನಾಯಿಗಳನ್ನು ಮನೆಗೆ ತರುತ್ತಿವೆ. ಇದು ಸಂತೋಷಪಡತಕ್ಕ ಸಂಗತಿ. ಆದರೆ ತಂದ ದಿನ ನೆರೆಹೊರೆಯವರಿಂದೆಲ್ಲ ಹೊಗಳಿಸಿಕೊಂಡು, ತಿಂಗಳು ತುಂಬುವದರೊಳಗೆ ಅದೇ ನಾಯಿಯನ್ನು ತಿರುಗಿ ಆಶ್ರಯಾಲಯದ ಬಾಗಿಲಿಗೆ ಮುಟ್ಟಿಸಿ ಬರುವವರೂ ಉಂಟು. ಆದಕಾರಣ ಆ ಹೊಗಳಿಕೆಯನ್ನು ಮೂರು ತಿಂಗಳು ತಡೆದಿಡಬೇಕೆಂಬದೂ, ನಾಯಿಯನ್ನು ತರುವ ಕೆಲಸಕ್ಕಿಂತ ಅದನ್ನು ನೆಲೆಗೊಳಿಸುವ ಕೆಲಸವೇ ದೊಡ್ಡದೆಂಬದೂ ಈ ಲೇಖನದ ಅಭಿಪ್ರಾಯವಾಗಿದೆ.

ನಾಯಿಯನ್ನು ಆದರಿಸುವದು ಪರದೇಶದಿಂದ ಬಂದ ಹೊಸ ಶೋಕಿಯೆಂದು ಎಣಿಸುವವರು ನಮ್ಮ ನಾಡಿನ ಶಾಸನಗಳನ್ನು ನೋಡಬೇಕು. ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ ಸುಮಾರು ಕ್ರಿ. ಶ. ೯೪೯ರಲ್ಲಿ ಒಂದು ನಾಯಿಯ ನೆನಪಿಗಾಗಿ ಕಲ್ಲು ನಿಲ್ಲಿಸಿದರು. ತಕ್ಕೋಲದ ಕಾಳಗದಲ್ಲಿ ಪರಾಕ್ರಮ ತೋರಿದ ಮಣಲೇರನೆಂಬ ಸೇವಕನಿಗೆ ಗಂಗ ದೊರೆಯಾದ ಬೂತುಗನು ಮೆಚ್ಚಿ ಏನು ಬೇಕೆಂದು ಕೇಳಲು, ಅವನು ಕಾಳಿಯೆಂಬ ಬೇಟೆಯ ನಾಯಿಯನ್ನು ಬೇಡಿ ಪಡೆದನು. ಆ ನಾಯಿಯು ಮುಂದೆ ದೊಡ್ಡದೊಂದು ಹಂದಿಯೊಡನೆ ಹೋರಾಡಿತು, ಎರಡೂ ಸತ್ತವು. ಕಾಳಿಯ ಸ್ಮರಣೆಗೆ ಕಲ್ಲು ನೆಟ್ಟು ಭೂಮಿಯನ್ನು ದತ್ತಿಯಾಗಿ ಬಿಟ್ಟರು. ಆ ಕಲ್ಲು ಈಗ ಬೆಂಗಳೂರಿನ ಸರಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಇಲ್ಲಿ ಗಮನಿಸತಕ್ಕದ್ದೇನೆಂದರೆ, ಕಾಳಿಯು ಮಣಲೇರನ ಮನೆಯಲ್ಲಿ ಹುಟ್ಟಿದ್ದಲ್ಲ. ಒಬ್ಬನ ಕೈಯಿಂದ ಮತ್ತೊಬ್ಬನ ಕೈಗೆ ಬಂದ ನಾಯಿ ಅದು. ಕೈ ಬದಲಾದ ನಾಯಿಯು ಹೊಸ ಒಡೆಯನಿಗೆ ನಿಷ್ಠೆಯಿಂದಿರಲಾರದೆಂಬ ಮಾತಿಗೆ ಸಾವಿರ ವರ್ಷದ ಹಿಂದೆಯೇ ಕಲ್ಲಿನ ಮೇಲೆ ಉತ್ತರವು ಬರೆಯಲ್ಪಟ್ಟಿದೆ.

ದಿಕ್ಕಿಲ್ಲದ ನಾಯಿಗಳಿಗೆ ಆಶ್ರಯ ಕೊಡುವ ಕಾರ್ಯದಲ್ಲಿ ಸ್ತ್ರೀಯರು ಮುಂದಾಳುಗಳಾದದ್ದನ್ನು ನಮ್ಮ ಹುಡುಗಿಯರು ತಿಳಿದಿರುವದು ಒಳ್ಳೇದು. ಲಂಡನ್ ಪಟ್ಟಣದ ಹಾಲೋವೇ ಎಂಬಲ್ಲಿ ಮೇರಿ ಟೀಲ್ಬಿ ಎಂಬಾಕೆಯು ೧೮೬೦ರಲ್ಲಿ ತಪ್ಪಿಹೋದ, ಹಸಿದ ನಾಯಿಗಳಿಗಾಗಿ ಒಂದು ಮನೆಯನ್ನು ತೆರೆದಳು. ಆಕೆಯು ಕಾಲವಾದ ತರುವಾಯ ೧೮೭೧ರಲ್ಲಿ ಆ ಸಂಸ್ಥೆಯು ಬ್ಯಾಟರ್‌ಸಿಗೆ ಸ್ಥಳಾಂತರಗೊಂಡು ಇಂದಿಗೂ ನಡೆಯುತ್ತಿದೆ. ನಮ್ಮ ದೇಶದಲ್ಲಿ ರುಕ್ಮಿಣೀದೇವಿ ಅರುಂಡೇಲ್ ಅವರು ರಾಜ್ಯಸಭೆಯ ಸದಸ್ಯೆಯಾಗಿದ್ದಾಗ ಪ್ರಾಣಿಹಿಂಸೆಯನ್ನು ತಡೆಯುವ ಮಸೂದೆಯೊಂದನ್ನು ತಂದರು. ಅದರ ಫಲವಾಗಿ ಸರಕಾರವು ೧೯೬೦ರಲ್ಲಿ ಪ್ರಾಣಿಹಿಂಸಾ ನಿವಾರಣಾ ಕಾಯಿದೆಯನ್ನು ಮಾಡಿತು. ೧೯೬೨ರಲ್ಲಿ ಪ್ರಾಣಿಕಲ್ಯಾಣ ಮಂಡಲಿಯು ಸ್ಥಾಪಿತವಾದಾಗ ಅದರ ಅಧ್ಯಕ್ಷತೆಯನ್ನು ವಹಿಸಿದವರೂ ಅವರೇ. ಮದರಾಸಿನಲ್ಲಿ ಬ್ಲೂ ಕ್ರಾಸ್ ಸಂಸ್ಥೆಯು ಹುಟ್ಟಿತು; ಬೆಂಗಳೂರಿನ ಕ್ಯೂಪಾ ಸಂಸ್ಥೆಯು ೧೯೯೧ರಲ್ಲಿ ಹುಟ್ಟಿತು. ಮೇಲೆ ಹೇಳಿದ ಕಾಯಿದೆಯಲ್ಲಿ ಸಾಕುವವರು ಮರೆಯಬಾರದ ಮಾತೊಂದಿದೆ: ಹಸಿವೆ ಬಾಯಾರಿಕೆಗಳಿಂದ ಬಾಧೆಪಡುವಂಥ ಸ್ಥಿತಿಯಲ್ಲಿ ಪ್ರಾಣಿಯನ್ನು ಬಿಟ್ಟುಹೋಗುವದು ಅಪರಾಧವಾಗಿದೆ.

ಈ ವಿಷಯವು ಈಗ ಹೆಚ್ಚಾಗಿ ಚರ್ಚೆಗೆ ಬಂದಿರುವದಕ್ಕೆ ಕಾರಣವುಂಟು. ೨೦೨೫ನೇ ಆಗಸ್ಟ್ ೧೧ರಂದು ಸುಪ್ರೀಂ ಕೋರ್ಟು ದಿಲ್ಲಿ ಮತ್ತು ಅದರ ನೆರೆಯ ಪಟ್ಟಣಗಳ ಬೀದಿನಾಯಿಗಳನ್ನೆಲ್ಲ ಹಿಡಿದು ಆಶ್ರಯಾಲಯಗಳಲ್ಲಿಡಬೇಕೆಂದು ಅಪ್ಪಣೆಮಾಡಿತು. ಅದೇ ತಿಂಗಳ ೨೨ರಂದು ಆ ಅಪ್ಪಣೆಯನ್ನು ತಿದ್ದಿ, ಹುಚ್ಚುರೋಗ ತಗಲಿದ ಇಲ್ಲವೆ ತಗಲಿದೆಯೆಂಬ ಶಂಕೆಯಿರುವ ನಾಯಿಗಳನ್ನೂ, ಮೈಮೇಲೆ ಬೀಳುವ ಕ್ರೂರ ನಾಯಿಗಳನ್ನೂ ಹೊರತು ಮಿಕ್ಕವುಗಳಿಗೆ ಸಂತಾನಹರಣ ಶಸ್ತ್ರಕ್ರಿಯೆಯನ್ನೂ ಲಸಿಕೆಯನ್ನೂ ಮಾಡಿಸಿ ಹಿಡಿದ ಸ್ಥಳಕ್ಕೇ ಬಿಡಬೇಕೆಂದು ಹೇಳಿತು. ಇಷ್ಟವುಳ್ಳವರು ನಗರಸಭೆಗೆ ಅರ್ಜಿ ಕೊಟ್ಟು ಬೀದಿನಾಯಿಯನ್ನು ದತ್ತು ತೆಗೆದುಕೊಳ್ಳಬಹುದೆಂದೂ, ಹಾಗೆ ತಂದ ನಾಯಿಯು ತಿರುಗಿ ಬೀದಿಗೆ ಬೀಳದಂತೆ ನೋಡಿಕೊಳ್ಳುವ ಹೊಣೆಯು ಅವರದೇ ಎಂದೂ ಅದೇ ಆಜ್ಞೆಯಲ್ಲಿದೆ. ನವಂಬರ್ ೭ರಂದು ಶಾಲೆ, ಆಸ್ಪತ್ರೆ, ಬಸ್ಸು ಮತ್ತು ರೈಲು ನಿಲ್ದಾಣ ಮೊದಲಾದ ಸ್ಥಳಗಳ ಆವರಣಗಳಿಂದ ನಾಯಿಗಳನ್ನು ತೆಗೆದು, ತಿರುಗಿ ಅಲ್ಲಿಗೆ ಬಿಡಬಾರದೆಂಬ ಆಜ್ಞೆಯೂ ಆಯಿತು. ಶಾಲೆಯ ಕಾಂಪೌಂಡಿನಲ್ಲಿ ಮಕ್ಕಳ ಬುತ್ತಿಯ ತುತ್ತನ್ನು ತಿಂದು ಬೆಳೆದ ನಾಯಿಯ ಪಾಡೇನು ಎಂದು ಅನೇಕ ಹುಡುಗಿಯರು ತಮ್ಮ ತಾಯಂದಿರನ್ನು ಕೇಳುತ್ತಿರಬಹುದು. ನಾವೇ ಮನೆಗೆ ತರೋಣವೆಂಬ ಆಸೆಯು ಆಗ ಹುಟ್ಟುವದು ಸಹಜವೇ.

ಎಲ್ಲ ಬೀದಿನಾಯಿಗಳಿಗೂ ಮನೆ ದೊರಕಿಸುವದು ಆಗತಕ್ಕ ಕೆಲಸವಲ್ಲ. ಬೆಂಗಳೂರಿನಲ್ಲಿ ೨೦೨೩ರ ಗಣತಿಯಂತೆ ಸುಮಾರು ೨.೭೯ ಲಕ್ಷ ಬೀದಿನಾಯಿಗಳಿದ್ದವು; ೨೦೧೯ರಲ್ಲಿ ಅವುಗಳ ಸಂಖ್ಯೆ ಸುಮಾರು ೩.೧೦ ಲಕ್ಷವಾಗಿತ್ತು. ಇಷ್ಟನ್ನು ಮನೆಗಳು ಹೊರಲಾರವು. ೨೦೦೧ರ ನಿಯಮಗಳೂ ಅವುಗಳಿಗೆ ಬದಲಾಗಿ ಬಂದ ೨೦೨೩ರ ನಿಯಮಗಳೂ ವಿಧಿಸುವ ಶಸ್ತ್ರಕ್ರಿಯೆ ಮತ್ತು ಲಸಿಕೆಯೇ ಸಂಖ್ಯೆಯನ್ನು ತಗ್ಗಿಸುವ ಮಾರ್ಗ. ದತ್ತು ಸ್ವೀಕಾರವು ಬೇರೊಂದು ಕೆಲಸವನ್ನು ಮಾಡುತ್ತದೆ. ಬೀದಿಯಲ್ಲಿ ಬಾಳಲಾರದ ಮರಿ, ಕಾಲು ಮುರಿದ ನಾಯಿ, ಒಡೆಯನ ಮನೆಯಲ್ಲಿ ಬೆಳೆದು ಬೀದಿಗೆ ಬಿದ್ದ ನಾಯಿ ಇಂಥವುಗಳಿಗೆ ಅದೊಂದೇ ದಾರಿ. ಬೀದಿಯಲ್ಲಿಯೇ ಹುಟ್ಟಿ ಅಲ್ಲಿಯ ಅಂಗಡಿಯವರನ್ನೂ ದಾರಿಹೋಕರನ್ನೂ ನಂಬಿ ಸುಖವಾಗಿರುವ ಪ್ರಾಯದ ನಾಯಿಯನ್ನು ಹಿಡಿದು ನಾಲ್ಕು ಗೋಡೆಗಳೊಳಗೆ ಇಡುವದು ಅನೇಕ ಸಲ ಅದಕ್ಕೆ ಸೆರೆಯೇ ಆಗುವದು. ಯಾವ ನಾಯಿಗೆ ಮನೆ ಬೇಕೆಂಬದನ್ನು ಮೊದಲು ವಿಚಾರಿಸಬೇಕು. ನಮಗೆ ಯಾವ ನಾಯಿ ಬೇಕೆಂಬದು ಅನಂತರದ ಪ್ರಶ್ನೆ.

ಇನ್ನು ನೆಲೆಗೊಳಿಸುವ ವಿಚಾರಕ್ಕೆ ಬರೋಣ. ನಾಯಿಮರಿಯು ಹುಟ್ಟಿದ ಮೂರನೆಯ ವಾರದಿಂದ ಸುಮಾರು ಹನ್ನೆರಡು ಹದಿನಾಲ್ಕನೆಯ ವಾರದ ವರೆಗೆ ಲೋಕವನ್ನು ಭಯವಿಲ್ಲದೆ ಪರಿಚಯಮಾಡಿಕೊಳ್ಳುತ್ತದೆ. ಅಮೇರಿಕದ ಸ್ಕಾಟ್ ಮತ್ತು ಫುಲ್ಲರ್ ಎಂಬ ವಿದ್ವಾಂಸರು ಅನೇಕ ವರ್ಷ ನಾಯಿಗಳನ್ನು ಪರೀಕ್ಷಿಸಿ ೧೯೬೫ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಇಂಥ ಕಾಲವೊಂದು ಉಂಟೆಂಬದನ್ನು ಸ್ಥಾಪಿಸಿದರು. ಆ ವಾರಗಳಲ್ಲಿ ಮನುಷ್ಯನ ಕೈಯಿಂದ ಕಲ್ಲನ್ನು ಮಾತ್ರ ಕಂಡ ಮರಿಯು ಎತ್ತಿದ ಕೈಯನ್ನು ಕಂಡರೆ ನಡುಗುವದು ಆಶ್ಚರ್ಯವಲ್ಲ. ಅಂಥ ನಾಯಿಗೆ ಪೊರಕೆಯೂ ಭಯ, ಕುಕ್ಕರಿನ ಸೀಟಿಯೂ ಭಯ, ಮೆಟ್ಟಲೂ ಭಯ. ನಮಗೆ ಅದು ಬಿಡುಗಡೆಯ ದಿನವಾಗಿ ಕಂಡರೂ ನಾಯಿಗೆ ಅದು ಗೊತ್ತಿದ್ದ ವಾಸನೆಗಳೂ ಗೊತ್ತಿದ್ದ ಮುಖಗಳೂ ಒಮ್ಮೆಲೇ ಇಲ್ಲದೆ ಹೋದ ದಿನ. ಆದದರಿಂದ ಅದು ಮಂಚದ ಕೆಳಗೆ ಸೇರಿ ಅನ್ನ ಮುಟ್ಟದೆ ಇದ್ದರೆ ಕೃತಘ್ನವೆಂದು ಬೇಸರಪಡಬಾರದು.

ನಾಯಿಗಳ ಆಶ್ರಯಾಲಯಗಳಲ್ಲಿ ರೂಢಿಯಾಗಿರುವ ಒಂದು ಸ್ಥೂಲವಾದ ಲೆಕ್ಕವಿದೆ: ಹೆದರಿಕೆ ತಗ್ಗುವದಕ್ಕೆ ಮೂರು ದಿನ, ಮನೆಯ ಕ್ರಮವನ್ನು ಅರಿಯುವದಕ್ಕೆ ಮೂರು ವಾರ, ಇದು ನನ್ನ ಮನೆಯೆಂದು ನಂಬುವದಕ್ಕೆ ಮೂರು ತಿಂಗಳು. ಕೆಲವು ನಾಯಿಗಳಿಗೆ ಇದಕ್ಕಿಂತ ಕಡಿಮೆ, ಕೆಲವಕ್ಕೆ ವರ್ಷವೇ ಬೇಕಾಗುವದು. ಆದಾಗ್ಯೂ ಈ ಲೆಕ್ಕವು ಆತುರಗಾರರಿಗೆ ಒಂದು ಕಡಿವಾಣ. ಮರಳಿ ಕಳುಹಿಸಬೇಕೆಂಬ ಯೋಚನೆ ಹುಟ್ಟುವದು ಸಾಮಾನ್ಯವಾಗಿ ಎರಡನೆಯ ಮೂರನೆಯ ವಾರದಲ್ಲಿ. ಅಂದರೆ ನಾಯಿಯ ಹೆದರಿಕೆ ಸ್ವಲ್ಪ ಬಿಟ್ಟು, ಅದರ ನಿಜವಾದ ಸ್ವಭಾವವು ಹೊರಬಿದ್ದು, ಚಪ್ಪಲಿ ಕಡಿಯುವ, ಒಂಟಿಯಾಗಿ ಬಿಟ್ಟರೆ ಕೂಗುವ ಕಾಲದಲ್ಲಿ. ಅದು ಹದಗೆಟ್ಟ ಲಕ್ಷಣವಲ್ಲ, ಮನೆಯಲ್ಲಿ ಬೇರು ಬಿಡಲು ತೊಡಗಿದ ಲಕ್ಷಣ. ಅಂಥ ಸಮಯದಲ್ಲಿ ಹಿಂದಕ್ಕೆ ಕಳುಹಿಸಿದರೆ, ಒಮ್ಮೆ ನಂಬಿ ಕೆಟ್ಟ ಪ್ರಾಣಿಯು ಎರಡನೆಯ ಸಲ ನಂಬಿ ಕೆಡುತ್ತದೆ.

ಮೊದಲ ದಿನಗಳಲ್ಲಿ ಮಾಡತಕ್ಕದ್ದು ಬಹಳವಿಲ್ಲ, ಬಿಡತಕ್ಕದ್ದೇ ಬಹಳ. ಜನಸಂಚಾರ ಕಡಿಮೆಯಿರುವ ಒಂದು ಮೂಲೆಯಲ್ಲಿ ಹಳೆಯ ಕಂಬಳಿಯನ್ನು ಹಾಸಿ, ಹತ್ತಿರ ನೀರಿಟ್ಟು, ಆ ಸ್ಥಳವನ್ನು ನಾಯಿಗೇ ಬಿಟ್ಟುಕೊಡಬೇಕು. ಅಲ್ಲಿಂದ ಅದನ್ನು ಯಾರೂ ಎಳೆಯಬಾರದು. ನೆಂಟರನ್ನು ಕರೆದು ತೋರಿಸುವದು, ಬಂದ ದಿನವೇ ಸ್ನಾನಮಾಡಿಸುವದು, ಮಕ್ಕಳೆಲ್ಲ ಸುತ್ತುಗಟ್ಟಿ ತಬ್ಬುವದು ಇವೆಲ್ಲ ಮುಂದಕ್ಕೆ ಹೋಗಲಿ. ಒಬ್ಬರೇ ದಿನಾಲು ಅದೇ ವೇಳೆಗೆ ಊಟವಿಡಲಿ. ಅದರ ಕಡೆ ನೆಟ್ಟ ನೋಟದಿಂದ ನೋಡದೆ, ಪಕ್ಕಕ್ಕೆ ತಿರುಗಿ ಕುಳಿತು, ಪುಸ್ತಕವನ್ನೋ ಕಸೂತಿಯನ್ನೋ ಹಿಡಿದುಕೊಂಡಿದ್ದರೆ ಸಾಕು. ನಾಯಿಯು ತಾನಾಗಿ ಬಂದು ಮೂಸುವದು. ಹೊರಗೆ ಕರೆದುಕೊಂಡು ಹೋಗುವಾಗ ಮಾತ್ರ ವಿಶೇಷ ಎಚ್ಚರಿಕೆಯು ಬೇಕು. ಹೊಸ ನಾಯಿಯು ಒಂದು ಸದ್ದಿಗೆ ಬೆದರಿ ಕೊರಳ ಪಟ್ಟಿಯಿಂದ ತಲೆಯನ್ನು ನುಣುಚಿಕೊಂಡು ಓಡಿಹೋಗುವದುಂಟು. ಗುರುತಿಲ್ಲದ ಊರಿನಲ್ಲಿ ಅದಕ್ಕೆ ಮನೆಯ ದಾರಿ ತಿಳಿಯದು. ಎದೆಪಟ್ಟಿಯನ್ನೂ ಹಾಕಿ, ಒಡೆಯರ ಟೆಲಿಫೋನ್ ನಂಬರನ್ನು ಕೆತ್ತಿದ ಬಿಲ್ಲೆಯನ್ನು ಕೊರಳಿಗೆ ಕಟ್ಟಿಯೇ ಹೊರಗೆ ತರಬೇಕು. ದೀಪಾವಳಿಯ ಪಟಾಕಿಯ ದಿನಗಳಲ್ಲಿ ಈ ಎಚ್ಚರಿಕೆಯು ಇಮ್ಮಡಿಯಾಗಬೇಕು.

ಶೌಚದ ಅಭ್ಯಾಸಕ್ಕೆ ಗದರಿಕೆಯು ಉಪಯೋಗವಿಲ್ಲ. ನಿದ್ದೆಯಿಂದ ಎದ್ದ ಕೂಡಲೆ, ಊಟವಾದ ಮೇಲೆ, ಆಟವಾದ ಮೇಲೆ ಹೊರಗೆ ಕರೆದೊಯ್ದು, ತಕ್ಕ ಸ್ಥಳದಲ್ಲಿ ಕೆಲಸ ಮುಗಿಸಿದರೆ ಒಡನೆಯೇ ಒಂದು ತುಣುಕು ತಿಂಡಿಯನ್ನೂ ಒಂದು ಒಳ್ಳೆಯ ಮಾತನ್ನೂ ಕೊಟ್ಟರೆ ಅದು ಕಲಿಯುವದು. ನೆಲ ಕೆಡಿಸಿದ್ದಕ್ಕೆ ಮೂಗನ್ನು ಉಜ್ಜುವವರು ಕಲಿಸುವದು ಭಯವನ್ನೇ ಹೊರತು ಶುಚಿಯನ್ನಲ್ಲ. ಒಂಟಿಯಾಗಿರುವದನ್ನೂ ಹಾಗೆಯೇ ಐದು ನಿಮಿಷದಿಂದ ತೊಡಗಿ ಕ್ರಮಕ್ರಮವಾಗಿ ರೂಢಿಸಬೇಕು. ಆಹಾರದಲ್ಲಿ ನಮ್ಮ ಅಡಿಗೆಮನೆಯ ಕೆಲವು ಪದಾರ್ಥಗಳು ನಾಯಿಗೆ ವಿಷವೆಂಬದನ್ನು ಪ್ರತಿ ಗೃಹಿಣಿಯೂ ಅರಿತಿರಬೇಕು. ಈರುಳ್ಳಿ ಬೆಳ್ಳುಳ್ಳಿಗಳು ರಕ್ತವನ್ನು ಕೆಡಿಸುವವು. ಆದುದರಿಂದ ಉಳಿದ ಸಾರು ಹುಳಿಗಳನ್ನು ಅನ್ನಕ್ಕೆ ಕಲಸಿ ಹಾಕುವ ಪದ್ಧತಿ ಸರಿಯಲ್ಲ. ದ್ರಾಕ್ಷಿ ಮತ್ತು ಒಣದ್ರಾಕ್ಷಿಗಳು ಮೂತ್ರಪಿಂಡಗಳಿಗೆ ಹಾನಿ. ಚಾಕಲೇಟು ಹೃದಯಕ್ಕೆ ಹಾನಿ. ಬೇಯಿಸಿದ ಎಲುಬು ಸೀಳಿ ಕರುಳಿಗೆ ಚುಚ್ಚುವದು. ಬಂದ ವಾರದೊಳಗೆ ಪಶುವೈದ್ಯರಿಗೆ ತೋರಿಸಿ, ಜಂತುಹುಳದ ಔಷಧ, ಉಣ್ಣೆಗಳ ನಿವಾರಣೆ, ಲಸಿಕೆ, ಶಸ್ತ್ರಕ್ರಿಯೆ ಇವುಗಳ ಕ್ರಮವನ್ನು ಬರೆಯಿಸಿಕೊಳ್ಳಬೇಕು.

ಎಲ್ಲಕ್ಕಿಂತ ಮಿಗಿಲಾದದ್ದು ಮಕ್ಕಳ ಕ್ಷೇಮ. ಬೊಗಳುವ ನಾಯಿ ಕಚ್ಚುವದಿಲ್ಲವೆಂಬ ಗಾದೆಯನ್ನು ನಂಬಿ ಕೈ ನೀಡಿದ ಮಕ್ಕಳು ಕಚ್ಚಿಸಿಕೊಂಡದ್ದುಂಟು. ಈ ಒಂದು ಗಾದೆಯನ್ನಾದರೂ ನಮ್ಮ ಮಕ್ಕಳಿಗೆ ಕಲಿಸದಿರೋಣ. ನಾಯಿಯು ಹೆದರಿದಾಗ ಮೊದಲು ಮುಖ ತಿರುಗಿಸುವದು, ತುಟಿ ನೆಕ್ಕುವದು, ನಿದ್ದೆಯಿಲ್ಲದೆ ಆಕಳಿಸುವದು, ಕಣ್ಣಿನ ಬಿಳಿಯನ್ನು ತೋರುವದು, ಮೈ ಬಿಗಿಹಿಡಿಯುವದು. ಅದು ಬಿಟ್ಟುಬಿಡಿರೆಂಬ ಬೇಡಿಕೆ. ಅದನ್ನು ಲಕ್ಷಿಸದಿದ್ದರೆ ಗುರುಗುಟ್ಟುವದು, ಅದು ಎಚ್ಚರಿಕೆ. ಗುರುಗುಟ್ಟಿದ್ದಕ್ಕೆ ಹೊಡೆದು ಬಾಯಿ ಮುಚ್ಚಿಸಿದರೆ ಮುಂದಿನ ಸಲ ಎಚ್ಚರಿಕೆಯಿಲ್ಲದೆ ಕಚ್ಚುವದು. ಉಣ್ಣುವ ನಾಯಿಯನ್ನೂ ಮಲಗಿದ ನಾಯಿಯನ್ನೂ ಮುಟ್ಟಬಾರದು, ಕೊರಳಿಗೆ ತೋಳು ಹಾಕಿ ತಬ್ಬಬಾರದು, ಹಿರಿಯರಿಲ್ಲದಾಗ ಚಿಕ್ಕ ಮಗುವನ್ನು ನಾಯಿಯೊಡನೆ ಬಿಡಬಾರದು. ಈ ಮೂರು ನಿಯಮಗಳನ್ನು ಪಾಲಿಸಲಾರದ ಮನೆಗೆ ನಾಯಿ ಬೇಡ.

ಹುಚ್ಚುನಾಯಿ ರೋಗದ ಭಯವು ಸುಳ್ಳಲ್ಲ. ಲೋಕಾರೋಗ್ಯ ಸಂಸ್ಥೆಯ ಅಂದಾಜಿನಂತೆ ಲೋಕದಲ್ಲಿ ಈ ರೋಗದಿಂದ ಸಾಯುವವರಲ್ಲಿ ಮೂರರಲ್ಲೊಂದು ಪಾಲಿಗಿಂತ ಹೆಚ್ಚು ಮಂದಿ ನಮ್ಮ ದೇಶದವರು. ರೋಗದ ಲಕ್ಷಣಗಳು ಒಮ್ಮೆ ಕಾಣಿಸಿಕೊಂಡರೆ ಬದುಕುವದು ಅತಿ ವಿರಳ. ಆದರೆ ಪಾಶ್ಚರನು ೧೮೮೫ರಲ್ಲಿ ತೋರಿಸಿಕೊಟ್ಟ ಚಿಕಿತ್ಸೆಯ ದಾರಿಯು ನಮಗೆ ತೆರೆದೇ ಇದೆ. ದಕ್ಷಿಣ ದೇಶದವರಿಗಾಗಿ ಕೂನೂರಿನ ಪಾಶ್ಚರ್ ಸಂಸ್ಥೆಯು ೧೯೦೭ರಲ್ಲಿಯೇ ಸ್ಥಾಪಿತವಾಯಿತು. ನಾಯಿ ಕಚ್ಚಲಿ, ಪರಚಲಿ, ಗಾಯವನ್ನು ಒಡನೆಯೇ ಹದಿನೈದು ನಿಮಿಷ ಸಾಬೂನು ಮತ್ತು ಹರಿಯುವ ನೀರಿನಿಂದ ತೊಳೆದು, ಅದೇ ದಿನ ಆಸ್ಪತ್ರೆಗೆ ಹೋಗಿ, ವೈದ್ಯರು ಹೇಳಿದ ಎಲ್ಲ ಚುಚ್ಚುಮದ್ದುಗಳನ್ನೂ ತಪ್ಪದೆ ಹಾಕಿಸಿಕೊಳ್ಳಬೇಕು. ಸುಣ್ಣ, ಮೆಣಸಿನಪುಡಿ, ಅರಸಿನ ಮೆತ್ತುವದು ಕೂಡದು. ಮಕ್ಕಳು ಬೈಗುಳಕ್ಕೆ ಹೆದರಿ ಪರಚಿದ್ದನ್ನು ಮುಚ್ಚಿಡದಂತೆ ತಾಯಂದಿರು ಮೊದಲೇ ಧೈರ್ಯ ಹೇಳಿಡಬೇಕು. ಮರಿಗೆ ಮೂರು ತಿಂಗಳಾದಾಗ ಮೊದಲನೆಯ ಲಸಿಕೆಯನ್ನು ಹಾಕಿಸಿ, ಮುಂದೆ ವೈದ್ಯರು ಹೇಳಿದಂತೆ ತಪ್ಪದೆ ಮುಂದರಿಸಿದರೆ, ಮನೆಯ ನಾಯಿಯು ಆ ರೋಗಕ್ಕೆ ಬಾಗಿಲಾಗದೆ ಅಗುಳಿಯಾಗುವದು.

ಇದಕ್ಕೆ ಆಕ್ಷೇಪಗಳಿಲ್ಲವೆಂದಲ್ಲ. ನಾಯಿಯ ಬಾಲಕ್ಕೆ ದಬ್ಬೆ ಕಟ್ಟಿದರೂ ಡೊಂಕೇ, ಬೀದಿಯ ನಾಯಿಗೆ ಮನೆಯ ಬುದ್ಧಿ ಬಂದೀತೇ ಎಂದು ಕೆಲವರು ಕೇಳುತ್ತಾರೆ. ಬಾಲವು ಡೊಂಕಾಗಿಯೇ ಇರಲಿ. ಅದರಿಂದ ಯಾರಿಗೇನು ನಷ್ಟ? ನಾಯಿಯ ನಡತೆಯು ಬಾಲದಂತೆ ಎಲುಬಿನಲ್ಲಿ ಕೂಡಿಬಂದದ್ದಲ್ಲ; ಅದು ದಿನದಿನದ ಅನುಭವದಿಂದ ಬದಲಾಗುವದು. ನಮ್ಮ ನಾಡಿನ ನಾಯಿಯು ಇಲ್ಲಿಯ ಬಿಸಿಲಿಗೆ ಒಗ್ಗಿದ ತೆಳುಗೂದಲಿನ, ಗಟ್ಟಿ ಮೈಯಿನ, ಸೂಕ್ಷ್ಮ ಕಿವಿಯ ಪ್ರಾಣಿ. ಹಿಮದ ದೇಶದ ದಟ್ಟ ತುಪ್ಪುಳಿನ ನಾಯಿಯನ್ನು ಬಳ್ಳಾರಿಯ ಬೇಸಗೆಯಲ್ಲಿ ಕಟ್ಟಿಹಾಕಿ ಏದುಸಿರು ಬಿಡಿಸುವದಕ್ಕಿಂತ ಇದನ್ನು ಸಾಕುವದು ಬುದ್ಧಿವಂತಿಕೆ.

ಮನುಷ್ಯರ ಮಕ್ಕಳೇ ದಿಕ್ಕಿಲ್ಲದಿರುವಾಗ ನಾಯಿಗೆ ಈ ಉಪಚಾರವೇಕೆ ಎಂಬದು ಇನ್ನೊಂದು ಆಕ್ಷೇಪ. ಇದನ್ನು ಗೌರವದಿಂದ ಕೇಳತಕ್ಕದ್ದು. ನೆರೆಯ ಬಡ ಮಗುವಿಗೆ ಬಾಗಿಲು ಮುಚ್ಚಿ ನಾಯಿಗೆ ಮೆತ್ತನೆಯ ಹಾಸಿಗೆ ಹಾಸುವವರ ಕನಿಕರವು ಕನಿಕರವಲ್ಲ. ಆದರೂ ಈ ಪ್ರಶ್ನೆಯನ್ನು ಎತ್ತುವವರಲ್ಲಿ ಎಷ್ಟೋ ಮಂದಿ ಮಗುವಿಗಾಗಲಿ ನಾಯಿಗಾಗಲಿ ಏನನ್ನೂ ಮಾಡಿರುವದಿಲ್ಲ. ಹೆದರಿದ ಪ್ರಾಣಿಯ ಮುಂದೆ ತನ್ನ ಆತುರವನ್ನು ಅಡಗಿಸಿಕೊಳ್ಳಲು ಕಲಿತ ಹುಡುಗಿಯು ಮುಂದೆ ದಾದಿಯಾಗಿ, ಉಪಾಧ್ಯಾಯಿನಿಯಾಗಿ, ತಾಯಿಯಾಗಿ ಮನುಷ್ಯರ ಮುಂದೆಯೂ ಅದೇ ತಾಳ್ಮೆಯನ್ನು ತೋರುವಳೆಂದು ನಂಬಲು ಕಾರಣವುಂಟು.

ಕಡೆಯದಾಗಿ ತಾಯ್ತಂದೆಗಳಿಗೆ ಒಂದು ಬಿನ್ನಹ. ನಾಯಿಯ ಆಯುಸ್ಸು ಹತ್ತರಿಂದ ಹದಿನೈದು ವರ್ಷ. ಹನ್ನೆರಡು ವರ್ಷದ ಮಗಳು ಹಟಮಾಡಿ ತಂದ ನಾಯಿಯು ಮುಪ್ಪಾಗುವ ಹೊತ್ತಿಗೆ ಆಕೆಯು ಕಾಲೇಜಿಗೋ ಉದ್ಯೋಗಕ್ಕೋ ಗಂಡನ ಮನೆಗೋ ಹೋಗಿರುವಳು. ಆಗ ಕುರುಡು ನಾಯಿಯನ್ನು ರಾತ್ರಿಯಲ್ಲಿ ಎತ್ತಿ ಹೊರಗೆ ತರುವವರು ಯಾರು? ನಮ್ಮ ಮನೆಗಳ ರೀತಿಯನ್ನು ಬಲ್ಲವರು ಉತ್ತರವನ್ನೂ ಬಲ್ಲರು: ತಾಯಿಯೇ. ಅಡಿಗೆ, ನೀರು, ಅತ್ತೆಮಾವಂದಿರ ಶುಶ್ರೂಷೆ ಇವುಗಳ ಮೇಲೆ ಆಕೆಯನ್ನು ಒಂದು ಮಾತೂ ಕೇಳದೆ ಇದನ್ನೂ ಹೊರಿಸುವದು ನಾಯಿಗೆ ದಯೆಯಾದರೂ ಆಕೆಗೆ ನಿರ್ದಯೆ. ಆದದರಿಂದ ಹುಟ್ಟುಹಬ್ಬದ ಉಡುಗೊರೆಯಾಗಿ ನಾಯಿಯನ್ನು ತರಬೇಡಿರಿ. ಮನೆಯವರೆಲ್ಲ ಕೂಡಿ ಕುಳಿತು, ಬೆಳಿಗ್ಗೆ ಯಾರು, ಸಂಜೆ ಯಾರು, ಊರಿಗೆ ಹೋದಾಗ ಯಾರು, ಔಷಧದ ಖರ್ಚು ಎಲ್ಲಿಂದ ಎಂಬದನ್ನು ಒಂದು ಕಾಗದದ ಮೇಲೆ ಬರೆಯಿರಿ. ಗಂಡುಮಕ್ಕಳ ಹೆಸರುಗಳೂ ಅದರಲ್ಲಿ ಇರಲಿ. ಬಾಡಿಗೆಯ ಮನೆಯಾದರೆ ಒಡೆಯರ ಮಾತನ್ನು ಪಡೆಯಿರಿ. ನಗರಸಭೆಯ ಪರವಾನಗಿ ಬೇಕಾದಲ್ಲಿ ಅದನ್ನೂ ಮಾಡಿಸಿರಿ. ಕಾಗದವು ತುಂಬದಿದ್ದರೆ ನಾಯಿಯನ್ನು ತರದಿರುವದೇ ಅದಕ್ಕೆ ಮಾಡುವ ಉಪಕಾರ. ಅಂಥವರು ಆಶ್ರಯಾಲಯಕ್ಕೆ ಅಕ್ಕಿಯನ್ನೋ ಹಳೆಯ ಕಂಬಳಿಯನ್ನೋ ಕಳುಹಿಸಬಹುದು. ತಮ್ಮ ಬೀದಿಯ ನಾಯಿಗಳಿಗೆ ಲಸಿಕೆಯಾಗುವಂತೆ ನಗರಸಭೆಗೆ ಬರೆಯಬಹುದು. ಅದೂ ಸಣ್ಣ ಸೇವೆಯಲ್ಲ.

ಕಾಗದವು ತುಂಬಿದ ಮನೆಯವರು ಧೈರ್ಯವಾಗಿ ಹೋಗಿ, ಎಲ್ಲರೂ ಮೆಚ್ಚುವ ಚೆಲುವಾದ ಮರಿಯನ್ನು ಬಿಟ್ಟು, ಬೋನಿನ ಹಿಂದಿನ ಮೂಲೆಯಲ್ಲಿ ಗೋಡೆಗೆ ಮುಖಮಾಡಿ ಕುಳಿತಿರುವ ಪ್ರಾಯದ ನಾಯಿಯ ವಿಷಯವನ್ನೂ ಒಮ್ಮೆ ವಿಚಾರಿಸಲಿ. ಅದು ನಿಮ್ಮ ಮನೆಗೆ ಬಂದ ಮೇಲೆ ಮೊದಲ ವಾರ ಬಾಲವಾಡಿಸದೆ ಇದ್ದೀತು, ಎರಡನೆಯ ವಾರ ನಿಮ್ಮ ಹೊಸ ಚಪ್ಪಲಿಯನ್ನು ತಿಂದೀತು. ಆ ದಿನಗಳಲ್ಲಿ ತಾಳಿಕೊಂಡರೆ, ಒಂದು ದಿನ ಯಾರೂ ಕರೆಯದೆಯೇ ಅದು ಎದ್ದು ಬಂದು, ಹೊಲಿಗೆ ಹಾಕುತ್ತ ಕುಳಿತವರ ಕಾಲಮೇಲೆ ಗದ್ದವನ್ನಿಟ್ಟು ಕಣ್ಣುಮುಚ್ಚುವದು. ಹೊಗಳಿಕೆಯನ್ನು ಹೇಳುವದಕ್ಕೆ ಅದೇ ಸರಿಯಾದ ದಿನ. ಆದರೆ ಆಗ ಅದು ನಿಮಗೆ ಬೇಕಾಗಿರುವದಿಲ್ಲ.